ಹಳೆಯ ಫೋಟೊದಿಂದ ಗ್ಯಾಲರಿಯ ಗೋಡೆಗೆ: ಒಂದು ಸ್ಕ್ಯಾನಿಂಗ್ ಮತ್ತು ಮುದ್ರಣ ಸೇವೆಯ ವಿಮರ್ಶೆ

ಹಳೆಯ ಕಪ್ಪುಬಿಳುಪು ಫೋಟೊಗಳನ್ನು ಕಂಪ್ಯೂಟರಿನಲ್ಲಿ ಒಂದರೊಳಗೊಂದು ಬೆಸೆದು ಕಲಾಕೃತಿ ರಚಿಸುವವರಿಗೆ ಸ್ಕ್ಯಾನಿಂಗ್, ಮುದ್ರಣ, ಚೌಕಟ್ಟು ಮೂರನ್ನೂ ಒಂದೇ ಕಡೆ ಮಾಡಿಕೊಡುವ ಸ್ಟುಡಿಯೊಗಳಿವೆ. ಗ್ಯಾಲರಿ ಪ್ರದರ್ಶನವೊಂದಕ್ಕಾಗಿ ಅಂಥದೊಂದು ಸ್ಟುಡಿಯೊಗೆ ನಾನು ಕೆಲಸ ಒಪ್ಪಿಸಿದ್ದೆ. ಮುದ್ರಣದಲ್ಲಿ ಅವರ ಕೈ ಚೆನ್ನಾಗಿ ಪಳಗಿದೆ. ಹಳೆಯ ಫೋಟೊದಲ್ಲಿ ಯಾವುದು ಕೊಳೆ, ಯಾವುದು ಚರಿತ್ರೆ ಎಂದು ಗುರುತಿಸುವುದರಲ್ಲಿ ಅಷ್ಟಾಗಿ ಪಳಗಿಲ್ಲ.

ನಾನು ಕೊಟ್ಟವುಗಳಲ್ಲಿ ಕೆಲವು ಜೇನುಗೂಡಿನಂಥ ಉಬ್ಬು ವಿನ್ಯಾಸದ ಕಾಗದದ ಮೇಲೆ ಅಚ್ಚಾದ ಫೋಟೊಗಳು. ಸ್ಕ್ಯಾನರಿನ ಬೆಳಕು ಓರೆಯಾಗಿ ಬೀಳುವುದರಿಂದ ಆ ಉಬ್ಬುಗಳು ಮುಖದ ತುಂಬ ಬಿಳಿ ಚುಕ್ಕೆಗಳಾಗಿ ಮೂಡುತ್ತವೆ. ಇಲ್ಲಿನ ತಂತ್ರಜ್ಞರು ಅದೇ ಫೋಟೊವನ್ನು ಒಮ್ಮೆ ನೇರವಾಗಿಟ್ಟು, ಇನ್ನೊಮ್ಮೆ 180 ಡಿಗ್ರಿ ತಿರುಗಿಸಿಟ್ಟು ಸ್ಕ್ಯಾನ್ ಮಾಡಿ, ಎರಡೂ ಚಿತ್ರಗಳನ್ನು ಹೊಂದಿಸಿ ಸರಾಸರಿ ತೆಗೆದರು; ಚುಕ್ಕೆಗಳು ಬಹುಮಟ್ಟಿಗೆ ಮರೆಯಾದರೂ ಕಣ್ಣಿನ ರೆಪ್ಪೆಗಳು ಮಸುಕಾಗಲಿಲ್ಲ. 4×6 ಇಂಚಿನ ಫೋಟೊವನ್ನು 1200 ಪಿಪಿಐಯಲ್ಲಿ (ಇಂಚಿಗೆ 1200 ಪಿಕ್ಸೆಲ್‌ನಂತೆ) ಸ್ಕ್ಯಾನ್ ಮಾಡಿದ್ದರಿಂದ 4800×7200 ಪಿಕ್ಸೆಲ್ ದೊರೆತು, 300 ಪಿಪಿಐ ಲೆಕ್ಕದಲ್ಲಿ 16×24 ಇಂಚಿನ ಅಳತೆಗೆ ಮುದ್ರಿಸಲು ಸಾಧ್ಯವಾಯಿತು. (ಮೂಲದಲ್ಲೇ ಇಲ್ಲದ ವಿವರ ಪಿಕ್ಸೆಲ್ ಹೆಚ್ಚಿಸಿದರೆ ಬರುವುದಿಲ್ಲವೆಂಬುದು ಬೇರೆ ಮಾತು.)

ನೆಗೆಟಿವ್‌ಗಳ ವಿಷಯದಲ್ಲಿ ಮಾತ್ರ ಅವರು ಎಡವಿದರು. ಅತಿಗೆಂಪು ಕಿರಣದಿಂದ ದೂಳು ಪತ್ತೆಹಚ್ಚಿ ಅಳಿಸುವ ಸೌಲಭ್ಯ ಬಣ್ಣದ ಫಿಲ್ಮಿಗೆ ಸರಿ. ಸಾಂಪ್ರದಾಯಿಕ ಕಪ್ಪುಬಿಳುಪು ಫಿಲ್ಮಿನಲ್ಲಿ ಬೆಳ್ಳಿಯ ಕಣಗಳೇ ಆ ಕಿರಣವನ್ನು ತಡೆಯುವುದರಿಂದ ಯಂತ್ರ ಚಿತ್ರವನ್ನೇ ದೂಳೆಂದು ಬಗೆಯುತ್ತದೆ. ಹಾಗಾಗಿ ಮೊದಲ ಸ್ಕ್ಯಾನುಗಳಲ್ಲಿ ಅಂಚುಗಳೆಲ್ಲ ಕಲಸಿಹೋಗಿದ್ದವು. ಕೇಳಿದ ಮೇಲೆ ಹೆಚ್ಚುವರಿ ಶುಲ್ಕವಿಲ್ಲದೆ ಮತ್ತೆ ಮಾಡಿಕೊಟ್ಟರೆಂಬುದನ್ನೂ ಹೇಳಬೇಕು. ಇದಕ್ಕಿಂತ ಬೇಸರ ತರಿಸಿದ್ದು ಅವರ ಸ್ವಯಂಚಾಲಿತ ದುರಸ್ತಿ. ಹಿಂದಿನ ಕಾಲದ ಸ್ಟುಡಿಯೊದವರು ನೆಗೆಟಿವಿನ ಮೇಲೆ ಪೆನ್ಸಿಲಿನಿಂದ ತಿದ್ದಿದ ಸಣ್ಣ ಗೀರುಗಳನ್ನು ಅದು ಕಲೆಯೆಂದು ತಿಳಿದು ನುಣ್ಣಗೆ ಒರೆಸಿಹಾಕಿತ್ತು. ನನ್ನ ಕೃತಿಗೆ ಬೇಕಾಗಿದ್ದದ್ದೇ ಆ ಕೈಕೆಲಸ.

ಮುದ್ರಣಕ್ಕೆ ಬಂದರೆ ದೂರಲು ಏನೂ ಇಲ್ಲ. ಹತ್ತಿಯ ನಾರಿನ ಹೊಳಪಿಲ್ಲದ ಮ್ಯಾಟ್ ಕಾಗದದ ಮೇಲೆ ಸುಲಭವಾಗಿ ಮಾಸದ ಪಿಗ್ಮೆಂಟ್ ಶಾಯಿ ಬಳಸಿದ್ದಾರೆ. ಗಾಢ ನೆರಳಿನೊಳಗೂ ಕೋಟಿನ ಮಡಿಕೆಗಳು ಬಿಡಿಬಿಡಿಯಾಗಿ ಕಾಣುತ್ತವೆ. 1991ರಲ್ಲಿ ಅಮೆರಿಕದ ನ್ಯಾಶ್ ಎಡಿಷನ್ಸ್ ಎಂಬ ಮುದ್ರಣ ಸ್ಟುಡಿಯೊ ಐರಿಸ್ ಮುದ್ರಣ ಯಂತ್ರದಲ್ಲಿ ಕಲಾಕೃತಿಗಳನ್ನು ಅಚ್ಚುಹಾಕತೊಡಗಿದ ಕಾಲದ ಶಾಯಿಗಳು ಬೇಗ ಬಣ್ಣಗೆಡುತ್ತಿದ್ದವು, ಗ್ಯಾಲರಿಗಳ ಅಂದಿನ ಹಿಂಜರಿಕೆಗೆ ಅದೂ ಒಂದು ಕಾರಣ. ಇಂದು ಆ ಅಂಜಿಕೆಗೆ ಹೆಚ್ಚು ಆಧಾರವಿಲ್ಲ. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರ ತಂದೆ ಉಮ್ರಾವ್ ಸಿಂಗ್ ಶೇರ್‌ಗಿಲ್ ತೆಗೆದ ಕುಟುಂಬದ ಫೋಟೊಗಳನ್ನು ಅವರ ಮೊಮ್ಮಗ ವಿವಾನ್ ಸುಂದರಂ ಡಿಜಿಟಲ್ ಆಗಿ ಬೆಸೆದು ರಚಿಸಿದ ‘ರೀ-ಟೇಕ್ ಆಫ್ ಅಮೃತಾ’ ಸರಣಿಯನ್ನು ನೋಡಿದವರು ಇಂಥ ಕೃತಿಗಳಿಗೆ ಗ್ಯಾಲರಿಯಲ್ಲಿ ಜಾಗವಿದೆಯೇ ಎಂದು ಕೇಳಲಾರರು. ಅಲ್ಲಿ ಮೂಲ ಫೋಟೊ ಯಾರದೆಂಬುದನ್ನು ಮರೆಮಾಚಿಲ್ಲ, ಬೆಸುಗೆಯೇ ಕೃತಿಯ ವಸ್ತುವಾಗಿದೆ.

ಹೀಗಾಗಿಯೇ ಈ ಸ್ಟುಡಿಯೊ ಕೊಡುವ ಪ್ರಮಾಣಪತ್ರ ನನಗೆ ಒಪ್ಪಿಗೆಯಾಗಲಿಲ್ಲ. ಅದರಲ್ಲಿ ‘ಡಿಜಿಟಲ್ ಪ್ರಿಂಟ್’ ಎಂದಷ್ಟೇ ಇದೆ. ಕಾಗದ, ಶಾಯಿ, ಒಟ್ಟು ಪ್ರತಿಗಳೆಷ್ಟು, ಇದು ಎಷ್ಟನೆಯದು, ಮೂಲ ಫೋಟೊ ಎಲ್ಲಿಯದು, ಅದನ್ನು ಬಳಸಲು ಹಕ್ಕು ಯಾರಿಂದ ದೊರೆತಿದೆ ಎಂಬ ವಿವರಗಳಿಗೆ ಜಾಗವೇ ಇಲ್ಲ. ಫೋಟೊದ ಪ್ರತಿ ಕೈಯಲ್ಲಿದ್ದ ಮಾತ್ರಕ್ಕೆ ಅದರ ಕೃತಿಸ್ವಾಮ್ಯವೂ ನಮ್ಮದಾಗುವುದಿಲ್ಲವಾದ್ದರಿಂದ ಕೊನೆಯ ಸಾಲನ್ನು ಗ್ಯಾಲರಿಯವರು ಕೇಳಿಯೇ ಕೇಳುತ್ತಾರೆ. ನನ್ನನ್ನೂ ಕೇಳಿದರು, ನಾನೇ ಬೇರೆ ಹಾಳೆಯಲ್ಲಿ ಬರೆದುಕೊಡಬೇಕಾಯಿತು.

ಮುದ್ರಣಕ್ಕೆ ಇವರ ಬಳಿ ನಾನು ಮತ್ತೆ ಹೋಗುತ್ತೇನೆ. ಸ್ಕ್ಯಾನಿಂಗಿಗೂ ಇಲ್ಲಿಗೇ ಹೋಗುವವರು ದುರಸ್ತಿಯನ್ನು ಪೂರ್ತಿ ನಿಲ್ಲಿಸಿ, ಬೆಳಕು-ನೆರಳಿನ ಸೂಕ್ಷ್ಮ ವ್ಯತ್ಯಾಸಗಳನ್ನೂ ಉಳಿಸುವ 16 ಬಿಟ್ ಟಿಫ್ ಕಡತವನ್ನು ಯಾವ ತಿದ್ದುಪಡಿಯೂ ಇಲ್ಲದೆ ಕೊಡಬೇಕೆಂದು ಆರ್ಡರಿನಲ್ಲೇ ಬರೆಸುವುದು ಒಳ್ಳೆಯದು. ಬಾಯಲ್ಲಿ ಹೇಳಿದ್ದು ಯಂತ್ರದ ಮುಂದೆ ಕೂತವರನ್ನು ತಲುಪುವುದಿಲ್ಲ.