ಪರಾಗವೋ ಫೈಟೋಲಿತ್ತೋ: ಹಳೇ ಕಾಡು, ಹಳೇ ಹವೆ ತಿಳಿಯಲು ಯಾವುದು?

ಮೊದಲು ನಿಮ್ಮ ಮಣ್ಣು ಎಲ್ಲಿಯದು ನೋಡಿ. ಕೆರೆ ತಳದ ಕೆಸರೋ ಜೌಗು ನೆಲದ್ದೋ ಆದರೆ ಸುಮ್ನೆ ಪರಾಗ ಆರಿಸಿಕೊಳ್ಳಿ. ಅದರ ಹೊರಕವಚ ಸ್ಪೋರೋಪೊಲೆನಿನ್ ಎಂಬ ಗಟ್ಟಿ ವಸ್ತುವಿನದು, ಗಾಳಿಯಾಡದ ಒದ್ದೆ ಜಾಗದಲ್ಲಿ ಸಾವಿರಾರು ವರ್ಷ ಹಾಗೇ ಇರುತ್ತದೆ. ಪದೇ ಪದೇ ನೆನೆದು ಒಣಗುವ ಮಣ್ಣಲ್ಲಿ ಅದೂ ಹಾಳಾಗುತ್ತದೆ. ಅಲ್ಲಿ ಫೈಟೋಲಿತ್ತೇ ವಾಸಿ: ಗಿಡದ ಜೀವಕೋಶದಲ್ಲಿ ಕಟ್ಟಿಕೊಂಡ ಸಿಲಿಕಾ ಚೂರು, ಎಲೆ ಕೊಳೆತರೂ ಉಳಿಯುತ್ತದೆ.

ಮರಗಳ ಕಥೆ ಬೇಕಾದರೆ ನನ್ನ ಓಟು ಪರಾಗಕ್ಕೆ. ಪೈನ್ ಪರಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೂ ಪಕ್ಕಕ್ಕೆ ಬಲೂನು ಕಟ್ಟಿದ ಹಾಗೆ ಗಾಳಿಚೀಲ, ಮರೆಯುವ ಮಾತೇ ಇಲ್ಲ. ಆದರೆ ಅದು ನೂರಾರು ಕಿಲೋಮೀಟರ್ ಹಾರಬಲ್ಲದು, ಹಾಗಾಗಿ ನಾಲ್ಕು ಪೈನ್ ಸಿಕ್ಕ ಕೂಡಲೇ ಅಲ್ಲೇ ಪೈನ್ ಕಾಡಿತ್ತು ಅಂತ ಬರೆದುಬಿಡಬೇಡಿ. ಹುಳುಗಳು ಹೊತ್ತೊಯ್ಯುವ ಪರಾಗವಂತೂ ಸಿಗುವುದೇ ಕಡಿಮೆ. ಒಂದು ಮಾದರಿಗೆ ಸಾಮಾನ್ಯವಾಗಿ 300ರಷ್ಟು ಎಣಿಸಬೇಕು, ಕುತ್ತಿಗೆ ನೋವು ಗ್ಯಾರಂಟಿ.

ಹುಲ್ಲುಗಾವಲಿನ ಪ್ರಶ್ನೆಯಾದರೆ ಲೆಕ್ಕ ತಿರುಗುತ್ತದೆ. ಹುಲ್ಲಿನ ಪರಾಗ ಬಹುಪಾಲು ಒಂದೇ ಥರ, ದುಂಡಗೆ, ಒಂದು ತೂತು. ಫೈಟೋಲಿತ್ ಹಾಗಲ್ಲ: ಡಂಬೆಲ್ ಥರದ್ದು, ಕುದುರೆ ಜೀನಿನ ಥರದ್ದು ಅಂತ ಗುಂಪು ಬೇರೆಯಾಗುತ್ತದೆ, ಜೀನಿನ ಥರದ್ದು ಜಾಸ್ತಿ ಇದ್ದರೆ ಸಾಮಾನ್ಯವಾಗಿ ಬಿಸಿ, ಒಣ ಹವೆಯ ಹುಲ್ಲು.

ಎರಡೂ ಮಾಡುವುದಾದರೆ ಮಾದರಿಯನ್ನು ಮೊದಲೇ ಎರಡು ಪಾಲು ಮಾಡಿ. ಪರಾಗ ಬೇರ್ಪಡಿಸಲು ಹಾಕುವ ಹೈಡ್ರೋಫ್ಲೋರಿಕ್ ಆಮ್ಲ ಸಿಲಿಕಾವನ್ನೇ ಕರಗಿಸುತ್ತದೆ. ಫೈಟೋಲಿತ್ ಕೂಡ ಸಿಲಿಕಾನೇ ಅಲ್ವಾ?