ಡಾರ್ಸೆಟ್ ಆ್ಯಪಲ್ ಕೇಕೋ, ಸಾಮರ್ಸೆಟ್ ಸೈಡರ್ ಕೇಕೋ?

ಇಂಗ್ಲೆಂಡಿನ ನೈಋತ್ಯದ ಡಾರ್ಸೆಟ್, ಸಾಮರ್ಸೆಟ್ ಅಕ್ಕಪಕ್ಕದ ಕೌಂಟಿಗಳು. ಸೇಬಿನ ಕೇಕಿನಲ್ಲಿ ಮಾತ್ರ ಎರಡರದೂ ಬೇರೆ ಬೇರೆ ದಾರಿ. ಮನೆಗೊಂದು ಅಳತೆ ಇದ್ದೇ ಇದೆ. ನಾವು 20 ಸೆಂ.ಮೀ. ಟಿನ್ನಿನಲ್ಲಿ ಹೋಲಿಸಿದ್ದು ಇವನ್ನು.

ಡಾರ್ಸೆಟ್ ಕೇಕಿಗೆ ಬೆಣ್ಣೆ ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದಾಗಿರಬೇಕು. 225 ಗ್ರಾಂ ಸೆಲ್ಫ್ ರೈಸಿಂಗ್ ಹಿಟ್ಟಿಗೆ (ಇಲ್ಲದಿದ್ದರೆ ಅಷ್ಟೇ ಮೈದಾ, 3 ಟೀ ಚಮಚ ಬೇಕಿಂಗ್ ಪೌಡರ್) 110 ಗ್ರಾಂ ಬೆಣ್ಣೆ ಹಾಕಿ, ದಪ್ಪ ರವೆಯಂತಾಗುವವರೆಗೆ ಬೆರಳ ತುದಿಯಲ್ಲೇ ಉಜ್ಜಿ. ಅಂಗೈ ತಾಗಿದರೆ ಬೆಣ್ಣೆ ಕರಗಿ ಕೇಕ್ ಗಟ್ಟಿಯಾಗುತ್ತದೆ. 110 ಗ್ರಾಂ ಸಕ್ಕರೆ, 2 ಮೊಟ್ಟೆ, ಕೊನೆಗೆ ಒಂದು ಸೆಂ.ಮೀ. ಹೋಳು ಮಾಡಿದ 250 ಗ್ರಾಂ ಸೇಬು. ಸಕ್ಕರೆ ತಾಗಿದ ಸೇಬು ನೀರು ಬಿಡುತ್ತದೆ, ಹಾಗಾಗಿ ಮೊದಲೇ ಕಲಸಿಡಬೇಡಿ. ಹಾಲು ಎರಡು-ಮೂರು ಚಮಚ, ನೋಡಿಕೊಂಡು: ಚಮಚ ಕೊಡವಿದಾಗಷ್ಟೇ ಹಿಟ್ಟು ಬೀಳಬೇಕು. ಮೇಲೆ ಡೆಮೆರಾರಾ ಸಕ್ಕರೆ (ದಪ್ಪ ಹರಳಿನ ಕಂದು ಸಕ್ಕರೆ) ಉದುರಿಸಿ 180 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ (ಫ್ಯಾನ್ ಇರುವ ಓವನ್ನಾದರೆ 160) 45-50 ನಿಮಿಷ.

ಸಾಮರ್ಸೆಟ್ ಕೇಕಿಗೆ 150 ಗ್ರಾಂ ಮೆತ್ತನೆಯ ಬೆಣ್ಣೆ, 150 ಗ್ರಾಂ ಸಕ್ಕರೆ ಬೆಳ್ಳಗಾಗುವವರೆಗೆ ನೊರೆಸಿ, 3 ಮೊಟ್ಟೆ ಒಂದೊಂದಾಗಿ ಸೇರಿಸಬೇಕು. ಹಿಟ್ಟು, ಸೇಬು ಮೇಲಿನಷ್ಟೇ. ಜೊತೆಗೆ ಚಕ್ಕೆ, ಜಾಯಿಕಾಯಿ ಪುಡಿ. 200 ಮಿ.ಲೀ. ಡ್ರೈ ಸೈಡರನ್ನು (ಸೇಬಿನ ರಸ ಹುಳಿಸಿ ಮಾಡಿದ, ಸಿಹಿ ಕಡಿಮೆಯ ಮದ್ಯ) 100 ಮಿ.ಲೀ.ಗೆ ಇಳಿಯುವಂತೆ ಕುದಿಸಿ, ಪೂರ್ತಿ ಆರಿಸಿ. ಕುದಿಸದೆ ಸುರಿದರೆ ಹಿಟ್ಟು ನೀರಾಗುತ್ತದೆ, ಸೈಡರಿನ ರುಚಿ ಹುಡುಕಬೇಕಾಗುತ್ತದೆ. ಹಿಟ್ಟಿನೊಂದಿಗೆ ಸ್ವಲ್ಪ ಸ್ವಲ್ಪವೇ ಹಾಕಿದರೆ ಬೆಣ್ಣೆ-ಮೊಟ್ಟೆಯ ಮಿಶ್ರಣ ಒಡೆಯುವುದಿಲ್ಲ. ಬೇಯಲು ಸುಮಾರು ಒಂದು ಗಂಟೆ.

ನಿಜವಾದ ವ್ಯತ್ಯಾಸ ತೋರಿಸಿದ್ದು ಬ್ರಾಮ್ಲಿ ಸೇಬು. (ಅದು ಈ ಎರಡೂ ಕೌಂಟಿಯದಲ್ಲ; 1809ರಲ್ಲಿ ನಾಟಿಂಗ್‌ಹ್ಯಾಮ್‌ಶೈರಿನ ಸೌತ್‌ವೆಲ್‌ನಲ್ಲಿ ಬಿತ್ತಿದ ಬೀಜದ ಸಂತತಿ.) ಹುಳಿ ಜಾಸ್ತಿ, ಬೆಂದರೆ ಕರಗಿಹೋಗುತ್ತದೆ. ಡಾರ್ಸೆಟ್‌ನ ಗಟ್ಟಿ ಹಿಟ್ಟು ಹೋಳನ್ನು ಇದ್ದಲ್ಲೇ ಹಿಡಿದುಕೊಂಡು, ತಿನ್ನುವಾಗ ಅಲ್ಲಲ್ಲಿ ಹುಳಿ ಸಿಗುತ್ತದೆ. ಸಾಮರ್ಸೆಟ್‌ನ ಸಡಿಲ ಹಿಟ್ಟಿನಲ್ಲಿ ಅದೇ ಹೋಳು ಕೆಳಗಿಳಿದು ತಳ ಅಂಟಂಟಾಯಿತು. ಅದಕ್ಕೆ ಆಕಾರ ಬಿಡದ ಕಾಕ್ಸ್ ಸೇಬೇ ಸರಿ.

ಬೆಂದಿದೆಯೇ ಎಂದು ಕಡ್ಡಿ ಚುಚ್ಚುವಾಗ ಸೇಬಿಗೆ ತಗುಲಿದರೆ ಒದ್ದೆಯೇ ಬರುತ್ತದೆ. ಎರಡು ಕಡೆ ಚುಚ್ಚಿ ನೋಡಿ.

ಬಿಸಿಯಾಗಿ ಕ್ಲಾಟೆಡ್ ಕ್ರೀಮ್ (ನಿಧಾನವಾಗಿ ಕಾಯಿಸಿ ತೆಗೆದ ಗಟ್ಟಿ ಕೆನೆ) ಜೊತೆ ತಿನ್ನುವುದಾದರೆ ನಮ್ಮ ಆಯ್ಕೆ ಡಾರ್ಸೆಟ್, ಆದರೆ ಮರುದಿನಕ್ಕೆ ಅದು ಒಣಗುತ್ತದೆ. ಸಾಮರ್ಸೆಟ್ ಎರಡನೇ ದಿನವೇ ಹೆಚ್ಚು ರುಚಿ. ಬೆಂಗಳೂರಿನಲ್ಲಿ ಮಾಡುವವರಿಗೆ ಗ್ರಾನಿ ಸ್ಮಿತ್ ಎರಡಕ್ಕೂ ಆಗುತ್ತದೆ. ಡಾರ್ಸೆಟ್‌ಗೆ ಮಾತ್ರ ಅರ್ಧ ನಿಂಬೆಹಣ್ಣಿನ ರಸ ಹಿಂಡಿ, ಹಾಲು ಅಷ್ಟು ಕಡಿಮೆ ಮಾಡಿ.