ಶಿರಸಿಯ ಆಹಾರ ಸಲಹಾ ಕೇಂದ್ರ: ನಮ್ಮ ಅನುಭವ

ಮಗಳಿಗೆ 4 ತಿಂಗಳು ಮುಟ್ಟಾಗದಿದ್ದಾಗ, ಸ್ತ್ರೀರೋಗ ತಜ್ಞರು ಥೈರಾಯ್ಡ್ ಮೊದಲಾದ ಕಾರಣಗಳಿಲ್ಲವೆಂದು ಪರೀಕ್ಷೆಯಿಂದ ಖಚಿತಪಡಿಸಿಕೊಂಡು, ನಮ್ಮನ್ನು ಶಿರಸಿಯ ಈ ಕೇಂದ್ರಕ್ಕೆ ಕಳುಹಿಸಿದರು. ಅವಳ ಎತ್ತರ 160 ಸೆಂ.ಮೀ., ತೂಕ 43 ಕಿಲೋ. ಅಂದರೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 16.8. ಅದು 18.5ಕ್ಕಿಂತ ಕೆಳಗಿದ್ದರೆ ತೂಕ ಸಾಲದೆಂದೇ ಲೆಕ್ಕ.

ತಿಂದದ್ದು ದೇಹದ ಖರ್ಚಿಗೆ ಸಾಲದಾದಾಗ ಮಿದುಳಿನ ಹೈಪೋಥಲಾಮಸ್ ಅಂಡಾಶಯಕ್ಕೆ ಹೋಗಬೇಕಾದ ಸೂಚನೆಗಳನ್ನು ತಗ್ಗಿಸುತ್ತದೆ, ಅಂಡೋತ್ಪತ್ತಿ ನಿಲ್ಲುತ್ತದೆ, ಈಸ್ಟ್ರೋಜನ್ ಹಾರ್ಮೋನು ಇಳಿದು ಮೂಳೆಗಳೂ ದುರ್ಬಲವಾಗುತ್ತವೆ ಎಂಬುದನ್ನು ಆಹಾರತಜ್ಞೆ ನನ್ನ ಬದಲು ಮಗಳನ್ನೇ ಉದ್ದೇಶಿಸಿ, ಅವಸರವಿಲ್ಲದೆ ವಿವರಿಸಿದ್ದು ಮೆಚ್ಚುಗೆಯಾಯಿತು. ಮಾತ್ರೆಯಿಂದ ರಕ್ತಸ್ರಾವ ಬರಿಸಿದರೂ ಮೂಲ ಕೊರತೆ ನೀಗದು ಎಂದೂ ಹೇಳಿದರು. ಮಧ್ಯಾಹ್ನ ತಂಬುಳಿ ಅನ್ನವನ್ನಷ್ಟೇ ಉಂಡು, ರಾತ್ರಿಯೂಟವನ್ನು ಅವಳು ಬಿಡುತ್ತಿದ್ದಳೆಂಬುದು ನನಗೆ ತಿಳಿದದ್ದೇ ಅಲ್ಲಿ.

ಮೊದಲು ಕೈಗಿತ್ತ ಅಚ್ಚಿನ ಪಟ್ಟಿಯಲ್ಲಿ ಮಾತ್ರ ಓಟ್ಸ್, ಬ್ರೊಕೊಲಿಗಳೇ ತುಂಬಿದ್ದವು; ಆಕ್ಷೇಪಿಸಿದ ಮೇಲೆ ದೋಸೆಗೆ ತುಪ್ಪ, ಹೆಸರುಕಾಳಿನ ಪಲ್ಯ, ಶೇಂಗಾ, ಹಾಲು, ಬಾಳೆಹಣ್ಣು ಎಂದು ಕೈಯಿಂದಲೇ ಬರೆದುಕೊಟ್ಟರು. ಸಮಯ ನಿಗದಿಯಾಗಿದ್ದರೂ ಒಂದೂವರೆ ಗಂಟೆ ಕಾಯಿಸಿದರು. 5 ತಿಂಗಳಲ್ಲಿ ತೂಕ 48 ಕಿಲೋಗೆ ಏರಿತು. ಕಳೆದ ತಿಂಗಳು ಮುಟ್ಟು ಮರಳಿತು.